ವಿಶ್ವ ಚಾಂಪಿಯನ್ ಆದವಳು ಎರಡು ಒಲಿಂಪಿಕ್ಸ್‌ನಲ್ಲೂ ಐದನೇ ಸ್ಥಾನಕ್ಕೆ ನಿಂತಿದ್ದು ಯಾಕೆ?

ಪ್ರಶ್ನೆ: ನಾವಿರೋದು ಸ್ವಿಟ್ಜರ್ಲೆಂಡ್‌ನಲ್ಲಿ, ಊಸ್ಟರ್ ಹತ್ರ. ಮಗಳಿಗೆ 14 ವರ್ಷ, ರೋಯಿಂಗ್ ಶುರು ಮಾಡಿದ್ದಾಳೆ. ಅವಳ ಬಾಯಲ್ಲಿ ದಿನಾ ಸ್ವಿಸ್ ರೋಯರ್ ಜನೀನ್ ಗ್ಮೇಲಿನ್ ಹೆಸ್ರೇ. 2017ರಲ್ಲಿ ವಿಶ್ವ ಚಾಂಪಿಯನ್ ಆದವಳು ರಿಯೋದಲ್ಲೂ ಐದನೇ ಸ್ಥಾನ, ಟೋಕಿಯೋದಲ್ಲೂ ಐದನೇ ಸ್ಥಾನ. ಅಷ್ಟು ಗೆಲ್ಲೋಳಿಗೆ ಒಲಿಂಪಿಕ್ ಪದಕ ಯಾಕೆ ಬರ್ಲಿಲ್ಲ? ಸ್ವಿಸ್ ರೋಯಿಂಗ್ ಫೆಡರೇಶನ್ ಬಿಟ್ಟು ಹೋಗಿದ್ದೇ ಕಾರಣ ಅಂತಾರಲ್ಲ, ನಿಜಾನಾ? ಒಬ್ಳೇ ಎಳೆಯೋ ಸಿಂಗಲ್ಸ್ ಬಿಟ್ಟು ಇಬ್ರು ಎಳೆಯೋ ಡಬಲ್ಸ್‌ಗೆ ಇಳಿದಿದ್ರೆ ಆಗ್ತಿರ್ಲಿಲ್ವಾ? ಇನ್ನೊಂದು, ನಮ್ಮ ಮಗಳು ಅಷ್ಟೇನೂ ಎತ್ತರ ಇಲ್ಲ, ಅವಳಿಗೆ ಇದು ಸರಿ ಹೋಗುತ್ತಾ?

ಉತ್ತರ: ಆ ಎರಡು ಐದನೇ ಸ್ಥಾನಗಳನ್ನ ಒಂದೇ ತಕ್ಕಡೀಲಿ ತೂಗ್ಬೇಡಿ, ಅಲ್ಲಿಂದಾನೇ ಶುರು ಮಾಡ್ತೀನಿ. 2016ರಲ್ಲಿ ಐದನೇ ಸ್ಥಾನ ಬಂದಾಗ ಗ್ಮೇಲಿನ್‌ಗೆ 26 ವರ್ಷ, ಮೊದಲ ಒಲಿಂಪಿಕ್ಸ್, ಪದಕದ ಲೆಕ್ಕಾಚಾರದಲ್ಲಿ ಅವಳ ಹೆಸ್ರು ಹಾಕಿದವರು ಕಮ್ಮಿ, ಆವತ್ತು ಫೈನಲ್‌ನಲ್ಲಿ ಇದ್ದಿದ್ದೇ ಒಂದು ಗೆಲುವು. 2021ರಲ್ಲಿ ಅದೇ ಐದನೇ ಸ್ಥಾನ ಬಂದಾಗ ಅವಳು ಮಾಜಿ ವಿಶ್ವ ಚಾಂಪಿಯನ್, 31 ವರ್ಷ, ಪದಕಕ್ಕೋಸ್ಕರಾನೇ ಬದುಕಿನ ಪೂರಾ ಏರ್ಪಾಡು ಬದಲಾಯಿಸ್ಕೊಂಡು ಹೋಗಿದ್ದವಳು. ನಂಬರ್ ಒಂದೇ, ಕಥೆ ಬೇರೆ ಬೇರೆ. ಸ್ವಿಸ್ ಪೇಪರ್‌ನವರು ಇದನ್ನ ಒಲಿಂಪಿಕ್ ಡಿಪ್ಲೊಮಾ ಅಂತ ಬರೀತಾರೆ, ಮೊದಲ ಎಂಟರಲ್ಲಿ ಬಂದವರಿಗೆಲ್ಲ ಅದು ಸಿಗುತ್ತೆ, ಅಲ್ಲಿ ಅದಕ್ಕೆ ಸ್ವಲ್ಪ ಬೆಲೆನೂ ಇದೆ, ನಮ್ಮಲ್ಲಾದ್ರೆ ನಾಲ್ಕನೇ ಸ್ಥಾನ ಬಂದವರ ಹೆಸರು ಮಾರನೇ ದಿನ ಯಾರಿಗೂ ನೆನಪಿರಲ್ಲ.

ಈಗ ಅವಳು ಕೂರ್ತಿದ್ದ ದೋಣಿ ಬಗ್ಗೆ ಸ್ವಲ್ಪ ಹೇಳ್ಬೇಕು, ಇಲ್ಲಾಂದ್ರೆ ಮುಂದಿಂದು ಯಾವ್ದೂ ಅರ್ಥ ಆಗಲ್ಲ. ಸಿಂಗಲ್ ಸ್ಕಲ್ ಅಂದ್ರೆ ಸುಮಾರು 8 ಮೀಟರ್ ಉದ್ದ, ನೀರಿಗೆ ತಾಗೋ ಜಾಗದಲ್ಲಿ ಅಗಲ 30 ಸೆಂಟಿಮೀಟರ್ ಕೂಡ ಇರಲ್ಲ, ತೂಕ ಕನಿಷ್ಠ 14 ಕಿಲೋ ಇರ್ಬೇಕು ಅನ್ನೋದು ರೂಲ್. ಎರಡೂ ಕೈಗೆ ಒಂದೊಂದು ಹುಟ್ಟು, ಒಂದೊಂದೂ 3 ಮೀಟರ್‌ಗೆ ಸ್ವಲ್ಪ ಕಮ್ಮಿ. ಸೀಟಿನ ಕೆಳಗೆ ಗಾಲಿ, ಕಾಲು ಕಟ್ಟಿರೋ ಶೂ ದೋಣಿಗೇ ಫಿಕ್ಸ್, ಮುಖ ಹಿಂದಕ್ಕೆ. ಹುಟ್ಟುಗಳನ್ನ ಬಿಟ್ರೆ ದೋಣಿ ಮಗುಚ್ಕೊಳ್ಳುತ್ತೆ, ಅಂದ್ರೆ ಆ ಎರಡು ಹುಟ್ಟೇ ಅದರ ಬ್ಯಾಲೆನ್ಸ್. ಸ್ಟಾರ್ಟ್‌ನಲ್ಲಿ ಒಬ್ರು ಕಟ್ಟೆ ಮೇಲೆ ಬೋರಲು ಮಲಗಿ ದೋಣಿಯ ಬಾಲ ಹಿಡ್ಕೊಂಡಿರ್ತಾರೆ, ಕೆಂಪು ಲೈಟು ಹಸಿರಾದ ತಕ್ಷಣ ಬಿಡ್ತಾರೆ, ಮೊದಲ ಎರಡು ಮೂರು ಸಲ ಸೀಟನ್ನ ಅರ್ಧ ಮಾತ್ರ ಸರಿಸಿ ಚಕಚಕ ಎಳೆದು ದೋಣಿ ಎಬ್ಬಿಸ್ತಾರೆ, ಆಮೇಲೆ ಉದ್ದುದ್ದ. 2000 ಮೀಟರಿಗೆ ಇನ್ನೂರು ಚಿಲ್ಲರೆ ಸಲ ಎಳೀಬೇಕು, ಟೈಮು ಏಳೂಕಾಲು ನಿಮಿಷದ ಆಸುಪಾಸು. ಅದ್ರಲ್ಲಿ ನಿಜವಾದ ನರಕ ಅಂದ್ರೆ ಮೂರನೇ 500 ಮೀಟರ್. ಸ್ಟಾರ್ಟಿನ ಹುಮ್ಮಸ್ಸು ಇಳಿದಿರುತ್ತೆ, ಫಿನಿಶ್ ಇನ್ನೂ ದೂರ, ತೊಡೆ ಉರೀತಿರುತ್ತೆ, ಮುಂದಿನವರು ಎಲ್ಲಿದ್ದಾರೆ ಅಂತ ಕಾಣಲ್ಲ, ಹಿಂದಿನವರು ಮಾತ್ರ ಕಣ್ಣೆದುರೇ ಬರ್ತಿರ್ತಾರೆ. ನಾಲ್ಕು ಜನರ ದೋಣಿಯಾದ್ರೆ ಒಬ್ರು ಸುಸ್ತಾದ್ರೂ ಪಕ್ಕದವರ ಲಯ ಹೊತ್ಕೊಂಡು ಹೋಗುತ್ತೆ, ಇಲ್ಲಿ ಹೊರೋಕೆ ಯಾರೂ ಇಲ್ಲ.

ಇನ್ನೊಂದು, ಒಂದು ದೇಶಕ್ಕೆ ಒಂದೇ ಸಿಂಗಲ್. ಹಾಗಾಗಿ ಪ್ರತಿ ದೇಶದ ಅತಿ ಗಟ್ಟಿ ಹೆಂಗಸು ಒಂದೇ ರೇಸಿಗೆ ಬಂದು ಸೇರ್ತಾರೆ. ಆ ಎರಡು ಒಲಿಂಪಿಕ್ಸ್‌ನಲ್ಲೂ 32 ದೋಣಿ, ಹೀಟ್ಸ್ ಅಂದ್ರೆ ಮೊದಲ ಸುತ್ತು, ಕ್ವಾರ್ಟರ್, ಸೆಮಿ, ಆಮೇಲೆ ಪದಕದ ಎ ಫೈನಲ್‌ಗೆ ಆರು ಜನ. ಅಂದ್ರೆ ಐದನೇ ಸ್ಥಾನ ಬರೋಕೂ ಒಂದು ವಾರದಲ್ಲಿ ಕನಿಷ್ಠ ನಾಲ್ಕು ಸಲ ಪೂರಾ ಎಳೀಬೇಕು.

ರಿಯೋಗೆ ಬರೋಣ. ಅಲ್ಲಿನ ಲಾಗೋವಾ ರೋಡ್ರಿಗೋ ಡಿ ಫ್ರೀಟಾಸ್ ಅನ್ನೋ ಕೆರೆ ಊರ ಮಧ್ಯೆ, ಸುತ್ತ ಗುಡ್ಡ, ಗಾಳಿ ಯಾವ ಕಡೆಯಿಂದ ಬರುತ್ತೆ ಅಂತ ಹೇಳೋಕಾಗಲ್ಲ. ಮೊದಲ ದಿನವೇ ಅಲೆ ಎಷ್ಟು ಜೋರಿತ್ತು ಅಂದ್ರೆ ಸರ್ಬಿಯಾದ ಗಂಡಸರ ಪೇರ್, ಅಂದ್ರೆ ಇಬ್ಬರ ದೋಣಿ, ರೇಸ್ ಮಧ್ಯೆ ಮಗುಚ್ಕೊಂಡ್ತು, ಎರಡನೇ ದಿನದ ರೇಸುಗಳನ್ನ ಪೂರಾ ಮುಂದೂಡಿದ್ರು. ಅಡ್ಡ ಗಾಳಿ ಇದ್ದಾಗ ಏನಾಗುತ್ತೆ ಅಂದ್ರೆ, ಎಳೆದಾದ್ಮೇಲೆ ಹುಟ್ಟನ್ನ ನೀರಿನ ಮೇಲಿಂದ ವಾಪಸ್ ತರ್ತೀವಲ್ಲ, ಆಗ ಒಂದು ಬದಿಯ ಬ್ಲೇಡ್, ಅಂದ್ರೆ ಹುಟ್ಟಿನ ತುದಿಯ ಅಗಲ ಭಾಗ, ಅಲೆಗೆ ತಾಗುತ್ತೆ, ದೋಣಿ ಆ ಕಡೆ ವಾಲುತ್ತೆ, ಮುಂದಿನ ಸಲ ಎರಡೂ ಬ್ಲೇಡ್ ಒಟ್ಟಿಗೆ ನೀರಿಗೆ ಬೀಳಲ್ಲ, ಹೀಗೆ ಒಂದು ತಪ್ಪು ಮೂರು ನಾಲ್ಕು ಸ್ಟ್ರೋಕ್ ತಿನ್ನುತ್ತೆ. ಕೊನೆಗೆ ಚಿನ್ನ ಗೆದ್ದ ಆಸ್ಟ್ರೇಲಿಯಾದ ಕಿಮ್ ಬ್ರೆನನ್ ಕೂಡ ಆ ನೀರಲ್ಲಿ ತನ್ನ ಹೀಟ್‌ನಲ್ಲಿ ಮೂರನೇ ಸ್ಥಾನಕ್ಕೆ ತೃಪ್ತಿಪಟ್ಕೊಂಡಿದ್ಲು. ಫೈನಲ್‌ನಲ್ಲಿ ಬ್ರೆನನ್ 7:21.54, ಅಮೆರಿಕದ ಗೆವಿ ಸ್ಟೋನ್ 7:22.92, ಚೀನಾದ ಡ್ವಾನ್ ಜಿಂಗ್ಲಿ 7:24.13, ನ್ಯೂಜಿಲೆಂಡ್‌ನ ಎಮಾ ಟ್ವಿಗ್ 7:24.48. ನೋಡಿ, ಚಿನ್ನಕ್ಕೂ ನಾಲ್ಕನೇ ಸ್ಥಾನಕ್ಕೂ ಮೂರು ಸೆಕೆಂಡ್ ಇಲ್ಲ. ಅವರ ಹಿಂದೆ ಗ್ಮೇಲಿನ್, ಅವಳ ಹಿಂದೆ ಆಸ್ಟ್ರಿಯಾದ ಮಗ್ದಲೇನಾ ಲೋಬ್ನಿಗ್. ಈ ಟ್ವಿಗ್ ಮತ್ತು ಲೋಬ್ನಿಗ್ ಹೆಸ್ರು ನೆನಪಲ್ಲಿ ಇಟ್ಕೊಳ್ಳಿ, ಮತ್ತೆ ಬರ್ತಾರೆ.

2017 ಅವಳ ವರ್ಷ. ಆ ಸೀಸನ್‌ನಲ್ಲಿ ವಿಶ್ವಕಪ್ ರೇಸುಗಳನ್ನ ಗೆದ್ಕೊಂಡು ಬಂದ್ಲು, ಅದ್ರಲ್ಲಿ ಲೂಸರ್ನ್‌ನ ರೋಟ್ಸೀ ಕೆರೆ ರೇಸೂ ಸೇರಿ, ರೋಯಿಂಗ್‌ನವರಿಗೆ ರೋಟ್ಸೀ ಅಂದ್ರೆ ಕ್ರಿಕೆಟ್‌ನವರಿಗೆ ಲಾರ್ಡ್ಸ್ ಇದ್ದ ಹಾಗೆ, ಅದೂ ಇವಳಿಗೆ ತವರು ನೀರು. ಸೆಪ್ಟೆಂಬರ್ ಕೊನೆ ವಾರದಿಂದ ಅಕ್ಟೋಬರ್ 1ರ ತನಕ ಅಮೆರಿಕದ ಸರಸೋಟಾದಲ್ಲಿ ವಿಶ್ವ ಚಾಂಪಿಯನ್‌ಶಿಪ್, ಅಲ್ಲಿ ಚಿನ್ನ. ಬ್ರಿಟನ್‌ನ ವಿಕಿ ಥಾರ್ನ್‌ಲಿ ಎರಡನೇ ಸ್ಥಾನ, ಲೋಬ್ನಿಗ್ ಮೂರನೇ ಸ್ಥಾನ. ಈಗ ಕೆಲವರು ಮೂಗು ಮುರೀತಾರೆ, ಒಲಿಂಪಿಕ್ಸ್ ಆದ ಮಾರನೇ ವರ್ಷ ದೊಡ್ಡೋರೆಲ್ಲ ರಜಾ ಹಾಕಿರ್ತಾರೆ, ಬ್ರೆನನ್ ನಿಲ್ಲಿಸಿದ್ಲು, ಸ್ಟೋನ್ ವೈದ್ಯಕೀಯದ ಕಡೆ ತಿರುಗಿದ್ಲು, ಟ್ವಿಗ್ ಆಟವೇ ಬಿಟ್ಟಿದ್ಲು, ಅದಕ್ಕೆ ಇವಳು ಗೆದ್ಲು ಅಂತ. ಅರ್ಧ ನಿಜ. ಜಾಗ ಖಾಲಿ ಇತ್ತು ಅನ್ನೋದು ಹೌದು. ಆದ್ರೆ ಆ ಜಾಗ ಎಲ್ಲರಿಗೂ ಖಾಲಿ ಇತ್ತಲ್ಲ? ಥಾರ್ನ್‌ಲಿ ರಿಯೋದಲ್ಲಿ ಡಬಲ್ಸ್ ಬೆಳ್ಳಿ ಗೆದ್ದು ಸಿಂಗಲ್‌ಗೆ ಬಂದವಳು, ಸುಮ್ನೆ ಬಂದು ಕೂತವಳಲ್ಲ. ಜೊತೆಗೆ 2018ರಲ್ಲಿ ಗ್ಲಾಸ್ಗೋದಲ್ಲಿ ಯುರೋಪಿಯನ್ ಚಿನ್ನವನ್ನೂ ಗ್ಮೇಲಿನ್ನೇ ತಗೊಂಡ್ಲು, ಆಗ ಯಾರಿಗೆ ರಜಾ ಇತ್ತು?

ಈ ಥಾರ್ನ್‌ಲಿ ಹೆಸ್ರು ಬಂದಾಗಲೇ ನಿಮ್ಮ ಮಗಳ ಎತ್ತರದ ಪ್ರಶ್ನೆಗೂ ಉತ್ತರ ಹೇಳ್ಬಿಡ್ತೀನಿ. ಥಾರ್ನ್‌ಲಿ 1.90 ಮೀಟರ್ ದಾಟಿದವಳು. ಗ್ಮೇಲಿನ್ 1.70ರ ಆಸುಪಾಸು. ಇಬ್ರೂ ಒಂದೇ ಪೋಡಿಯಂ ಮೇಲೆ ನಿಂತಾಗ ಚಿನ್ನ ಗಿಡ್ಡವಳ ಕೊರಳಲ್ಲಿ. ಆದ್ರೆ ಇದನ್ನ ನೋಡಿ ಎತ್ತರ ಮುಖ್ಯ ಅಲ್ಲ ಅಂತ ತಿಳ್ಕೋಬೇಡಿ, ಎತ್ತರ ಬಹಳ ಮುಖ್ಯ. ಕೈಕಾಲು ಉದ್ದ ಇದ್ದವರಿಗೆ ಬ್ಲೇಡ್ ನೀರೊಳಗೆ ಹೆಚ್ಚು ಉದ್ದ ಸಿಗುತ್ತೆ, ಒಂದೇ ಸ್ಟ್ರೋಕಲ್ಲಿ ಹೆಚ್ಚು ಕೆಲಸ ಆಗುತ್ತೆ. ಗಿಡ್ಡ ಇರೋರು ಅದೇ ವೇಗಕ್ಕೆ ನಿಮಿಷಕ್ಕೆ ಒಂದೆರಡು ಸ್ಟ್ರೋಕ್ ಜಾಸ್ತಿ ಹಾಕ್ಬೇಕು, ಇಲ್ಲಾ ಬ್ಲೇಡ್ ನೀರಿಗೆ ಬೀಳೋ ಆ ಕ್ಷಣದಲ್ಲಿ ಒಂದಿಷ್ಟೂ ಪೋಲು ಮಾಡದೆ ಹಿಡೀಬೇಕು, ಸಾಮಾನ್ಯವಾಗಿ ಎರಡೂ ಮಾಡ್ಬೇಕಾಗುತ್ತೆ. ಅದ್ರ ಮೇಲೆ ನೀರಿನ ಲೆಕ್ಕ ಒಂದಿದೆ. ದೋಣಿ ವೇಗ ಜಾಸ್ತಿ ಆದಷ್ಟೂ ನೀರಿನ ತಡೆ ಇನ್ನೂ ಜೋರಾಗಿ ಏರುತ್ತೆ, 1% ವೇಗ ಬೇಕಂದ್ರೆ ಹೆಚ್ಚುಕಮ್ಮಿ 3% ಶಕ್ತಿ ಜಾಸ್ತಿ ಹಾಕ್ಬೇಕು. ಏಳೂಕಾಲು ನಿಮಿಷದ ರೇಸಲ್ಲಿ 1% ಅಂದ್ರೆ ನಾಲ್ಕು ಸೆಕೆಂಡ್ ಚಿಲ್ಲರೆ. ರಿಯೋದಲ್ಲಿ ಚಿನ್ನಕ್ಕೂ ನಾಲ್ಕನೇ ಸ್ಥಾನಕ್ಕೂ ಇದ್ದ ಅಂತರ ಅದಕ್ಕಿಂತ ಕಮ್ಮಿ, ನೆನಪಿದೆಯಲ್ಲ? ಅಂದ್ರೆ ಗ್ಮೇಲಿನ್ ತರದವರು ಗೆಲ್ಲೋದು ಮೈಯಲ್ಲಿರೋದನ್ನೆಲ್ಲ ಹಿಂಡಿ ತೆಗೆದಾಗ ಮಾತ್ರ, ಸ್ವಲ್ಪ ಫಾರ್ಮ್ ಕಮ್ಮಿ ಆದ್ರೂ ಎತ್ತರದವರ ಹಾಗೆ ಮೂರನೇ ಸ್ಥಾನದಲ್ಲಿ ಹೋಗಿ ನಿಲ್ಲಲ್ಲ, ಐದಕ್ಕೋ ಆರಕ್ಕೋ ಜಾರ್ತಾರೆ. ನನ್ನ ಪ್ರಕಾರ ನಿಮ್ಮ ದೊಡ್ಡ ಪ್ರಶ್ನೆಯ ಅರ್ಧ ಉತ್ತರ ಇಲ್ಲೇ ಇದೆ. ಅವಳಿಗೆ ಒಳ್ಳೇ ವರ್ಷ ಬಂದಾಗ ಯಾರಿಗೂ ಸಿಗ್ಲಿಲ್ಲ, ಆ ವರ್ಷ ಒಲಿಂಪಿಕ್ಸ್ ಇರ್ಲಿಲ್ಲ.

ಟೈಮ್ ಬಗ್ಗೆ ಒಂದು ಮಾತು ಸೇರಿಸ್ತೀನಿ, ಮಗಳು ಟೈಮ್ ಹಿಡ್ಕೊಂಡು ತಲೆ ಕೆಡಿಸ್ಕೊಳ್ಳೋ ವಯಸ್ಸು. ರೋಯಿಂಗ್‌ನಲ್ಲಿ ದಾಖಲೆ ಅಂತ ಕರೆಯೋಕೆ ಹಿಂಜರೀತಾರೆ, ಬೆಸ್ಟ್ ಟೈಮ್ ಅಂತಾರೆ ಅಷ್ಟೇ. ಯಾಕಂದ್ರೆ ಹಿಂದಿನಿಂದ ಗಾಳಿ ಬಂದ್ರೆ ಅದೇ ಆಳು ಹತ್ತಿಪ್ಪತ್ತು ಸೆಕೆಂಡ್ ಮುಂಚೆ ಮುಟ್ತಾರೆ. ಬಲ್ಗೇರಿಯಾದ ರುಮ್ಯಾನಾ ನೇಕೋವಾ 2002ರಲ್ಲಿ ಸೆವಿಯಾದಲ್ಲಿ 7:07.71 ಹೊಡೆದಿದ್ದು ಎಷ್ಟೋ ವರ್ಷ ಹಾಗೇ ಕೂತಿತ್ತು, ಆಮೇಲೆ ಬಂದವರು ಎಲ್ಲಾ ಕಮ್ಮಿ ತಾಕತ್ತಿನವರು ಅಂತ ಅಲ್ಲ. ಬೇರೆ ಬೇರೆ ರೇಸಿನ ಟೈಮ್ ಪಕ್ಕ ಪಕ್ಕ ಇಟ್ಟು ಹೋಲಿಸೋದ್ರಲ್ಲಿ ಅರ್ಥ ಇಲ್ಲ, ಒಂದೇ ರೇಸಲ್ಲಿ ಯಾರು ಯಾರಿಗಿಂತ ಎಷ್ಟು ಮುಂದೆ ಅನ್ನೋದಷ್ಟೇ ನೋಡ್ಬೇಕು.

ಈಗ ಫೆಡರೇಶನ್ ಜಗಳ. 2018ರ ಸೆಪ್ಟೆಂಬರ್‌ನಲ್ಲಿ ಬಲ್ಗೇರಿಯಾದ ಪ್ಲೋವ್‌ಡಿವ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್ ಆಯ್ತು, ಐರ್ಲೆಂಡ್‌ನ ಸನಿತಾ ಪುಷ್ಪುರೆ ಚಿನ್ನ, ಗ್ಮೇಲಿನ್ ಬೆಳ್ಳಿ. ಅದಾದ್ಮೇಲೆ ಸ್ವಿಸ್ ಫೆಡರೇಶನ್ನಿಗೂ ಅವಳ ಕೋಚ್ ರಾಬಿನ್ ಡೌವೆಲ್‌ಗೂ ದಾರಿ ಬೇರೆ ಆಯ್ತು. ಡೌವೆಲ್ ಬ್ರಿಟಿಷ್, ಅವಳನ್ನ ವಿಶ್ವ ಚಾಂಪಿಯನ್ ಮಾಡಿದ ಕೋಚ್. ಅವಳ ಮುಂದೆ ಎರಡೇ ದಾರಿ, ಸಿಸ್ಟಮ್ ಜೊತೆ ಉಳ್ಕೊಂಡು ಹೊಸ ಕೋಚ್, ಇಲ್ಲಾ ಹಳೇ ಕೋಚ್ ಜೊತೆ ಸ್ವಂತ ಟೀಮ್. ಅವಳು ಎರಡನೇದು ಆರಿಸ್ಕೊಂಡ್ಲು. ಸ್ವಂತ ಟೀಮ್ ಅಂದ್ರೆ ಸುಮ್ನೆ ಅಲ್ಲ ರೀ, ಸಾರ್ನೆನ್‌ನಲ್ಲಿ ಫೆಡರೇಶನ್‌ನ ಟ್ರೈನಿಂಗ್ ಸೆಂಟರ್ ಇದೆ, ಅಲ್ಲಿ ದೋಣಿ, ಫಿಸಿಯೋ, ಜಿಮ್ ಎಲ್ಲ ರೆಡಿ ಇರುತ್ತೆ, ಹೊರಗೆ ಬಂದ್ರೆ ಸ್ಪಾನ್ಸರ್ ಹುಡ್ಕೋದ್ರಿಂದ ಹಿಡಿದು ದೋಣಿ ಸಾಗಿಸೋ ಟ್ರೇಲರ್ ತನಕ ಎಲ್ಲಾ ತಲೆ ಮೇಲೆ.

ಇದೇ ಕಾರಣಕ್ಕೆ ಪದಕ ಹೋಯ್ತಾ? ಹಾಗಂತ ಖಡಾಖಂಡಿತ ಹೇಳೋರನ್ನ ನಾನು ನಂಬಲ್ಲ. ಒಂದು ನಷ್ಟ ಖಂಡಿತ ಆಗಿರುತ್ತೆ, ಅದು ದುಡ್ಡಿನದ್ದಲ್ಲ, ಪಕ್ಕದಲ್ಲಿ ಎಳೆಯೋ ದೋಣಿಗಳದ್ದು. ದಿನಾ ಬೆಳಿಗ್ಗೆ ಪಕ್ಕದಲ್ಲಿ ಒಬ್ಬ ಗಂಡಸಿನ ಸಿಂಗಲ್ಲೋ ಒಂದು ಡಬಲ್ಲೋ ಇದ್ರೆ ವೇಗ ಎಷ್ಟಿರ್ಬೇಕು ಅಂತ ಮೈಗೇ ಗೊತ್ತಾಗುತ್ತೆ, ಒಬ್ಳೇ ಎಳೀತಾ ಇದ್ರೆ ಬೋಟಲ್ಲಿರೋ ಮೀಟರ್ ನೋಡ್ಕೊಂಡು ನಂಬ್ಬೇಕು. ಇನ್ನೊಂದು ಕಡೆ ನೋಡಿದ್ರೆ, ಸಿಂಗಲ್ಸ್ ಎಳೆಯೋರಿಗೆ ಕೋಚ್ ಬದಲಾಯಿಸೋದೂ ಹಗುರ ವಿಷ್ಯ ಅಲ್ಲ. ಆ ಕೋಚ್ ಅವಳ ಗಿಡ್ಡ ಮೈಗೆ ತಕ್ಕ ಹಾಗೆ ಕಟ್ಟಿದ ಟೆಕ್ನಿಕ್ ಅದು, ಹೊಸಬರು ಬಂದು ಅದನ್ನ ಬಿಚ್ಚಿ ಮತ್ತೆ ಕಟ್ಟೋಕೆ ಟೋಕಿಯೋ ತನಕ ಟೈಮ್ ಎಲ್ಲಿತ್ತು? ಅವಳ ಜಾಗದಲ್ಲಿ ನನ್ನ ಶಿಷ್ಯೆ ಇದ್ದು ಕೇಳಿದ್ರೂ ಕೋಚ್ ಜೊತೆ ಹೋಗು ಅಂತಾನೇ ಹೇಳ್ತಿದ್ದೆ. ಫೆಡರೇಶನ್‌ನವರು ಇದನ್ನ ಒಪ್ಪಲ್ಲ, ಅವರಿಗೂ ಅವರದ್ದೇ ನ್ಯಾಯ ಇದೆ, ಒಬ್ಳಿಗೋಸ್ಕರ ಸಿಸ್ಟಮ್ ಬಗ್ಗಿಸಿದ್ರೆ ನಾಳೆ ಎಂಟು ಜನ ಸಾಲಲ್ಲಿ ನಿಲ್ತಾರೆ.

ಟೋಕಿಯೋ ಒಂದು ವರ್ಷ ತಡ ಆಯ್ತು, ಎಲ್ಲರಿಗೂ ಗೊತ್ತಿರೋದೇ. ಸಮುದ್ರದ ಪಕ್ಕದ ಸೀ ಫಾರೆಸ್ಟ್ ವಾಟರ್‌ವೇ, ಉಪ್ಪು ನೀರು, ಸುಡೋ ಬಿಸಿಲು, ಮಧ್ಯೆ ಚಂಡಮಾರುತದ ಭಯಕ್ಕೆ ಟೈಮ್‌ಟೇಬಲ್ ಬದಲಾವಣೆ ಬೇರೆ. ಜುಲೈ 30ರ ಫೈನಲ್‌ನಲ್ಲಿ ಟ್ವಿಗ್ 7:13.97ರಲ್ಲಿ ಚಿನ್ನ, ರಷ್ಯನ್ ತಂಡದ ಹಾನಾ ಪ್ರಕಾಟ್ಸೆನ್ ಬೆಳ್ಳಿ, ಲೋಬ್ನಿಗ್ ಕಂಚು, ಥಾರ್ನ್‌ಲಿ ನಾಲ್ಕನೇ ಸ್ಥಾನ, ಗ್ಮೇಲಿನ್ ಐದನೇ ಸ್ಥಾನ. ಟ್ವಿಗ್ ಯಾರು ಅಂದ್ರೆ ಲಂಡನ್‌ನಲ್ಲಿ ನಾಲ್ಕನೇ ಸ್ಥಾನ, ರಿಯೋದಲ್ಲಿ ನಾಲ್ಕನೇ ಸ್ಥಾನ, ಬೇಜಾರಾಗಿ ಬಿಟ್ಟು, ಮತ್ತೆ ವಾಪಸ್ ಬಂದು 34ಕ್ಕೆ ಚಿನ್ನ ಗೆದ್ದವಳು. ಲೋಬ್ನಿಗ್ ರಿಯೋದಲ್ಲೂ ಸರಸೋಟಾದಲ್ಲೂ ಗ್ಮೇಲಿನ್ ಹಿಂದೆ ಇದ್ದವಳು, ಆವತ್ತು ಮುಂದೆ ಹೋಗಿ ಪದಕ ತಗೊಂಡ್ಲು. ಮತ್ತೆ 2018, 2019 ಎರಡು ವರ್ಷ ಸತತ ವಿಶ್ವ ಚಾಂಪಿಯನ್ ಆಗಿದ್ದ ಪುಷ್ಪುರೆ? ಅವಳಿಗೆ ಎ ಫೈನಲ್‌ಗೇ ಬರೋಕಾಗ್ಲಿಲ್ಲ. ಪುಷ್ಪುರೆ ಫೆಡರೇಶನ್ ಬಿಟ್ಟು ಹೋದವಳಲ್ಲ, ಆದ್ರೂ ಹಾಗಾಯ್ತು. ಗ್ಮೇಲಿನ್ ಸೋತಿದ್ದಕ್ಕೆ ಒಂದೇ ಕಾರಣ ಹುಡ್ಕೋರಿಗೆ ನಾನು ಮೊದ್ಲು ತೋರ್ಸೋದು ಪುಷ್ಪುರೆಯನ್ನ.

ಡಬಲ್ಸ್ ಕೇಳಿದ್ರಿ. ಯೋಚನೆ ತಪ್ಪಲ್ಲ, ಆದ್ರೆ ಡಬಲ್ಸ್‌ಗೆ ನಿಮ್ಮಷ್ಟೇ ಜೋರಿರೋ ಇನ್ನೊಬ್ಳು ಬೇಕಲ್ವಾ? ಒಬ್ಳು ವಿಶ್ವ ಮಟ್ಟ, ಇನ್ನೊಬ್ಳು ರಾಷ್ಟ್ರ ಮಟ್ಟ ಆದ್ರೆ ದೋಣಿ ನಡುವೆಲ್ಲೋ ನಿಲ್ಲುತ್ತೆ, ಸಿಂಗಲ್‌ನಲ್ಲಿ ಐದನೇ ಸ್ಥಾನ ಬರೋಳು ಡಬಲ್‌ನಲ್ಲಿ ಹತ್ತನೇ ಸ್ಥಾನ ಬರ್ತಾಳೆ. ಒಂದು ಕೋಟಿ ಜನಾನೂ ಇಲ್ಲದ ದೇಶ ಅದು, ಆಗ ಅಲ್ಲಿ ಚೆನ್ನಾಗಿ ಎಳೀತಿದ್ದ ಫ್ರೆಡೆರಿಕ್ ರೋಲ್, ಪಟ್ರೀಸಿಯಾ ಮೆರ್ಟ್ಸ್ ಇಬ್ರೂ ಲೈಟ್‌ವೇಟ್, ಅಂದ್ರೆ 59 ಕಿಲೋ ಒಳಗೆ ಇರ್ಬೇಕಾದೋರು. ಗ್ಮೇಲಿನ್ ಆ ತೂಕಕ್ಕೆ ಇಳಿಯೋಳೂ ಅಲ್ಲ, ಅವರು ಇವಳ ಜೊತೆ ಓಪನ್ ಡಬಲ್‌ಗೆ ಬಂದ್ರೆ ದೊಡ್ಡ ಮೈಯವರ ಎದುರು ನಡೆಯೋದೂ ಕಷ್ಟ.

ಆಮೇಲಿನದ್ದು ದುಃಖದ ಕಥೆ, ನಿಮಗೂ ಗೊತ್ತಿರ್ಬಹುದು. ಟೋಕಿಯೋ ಆದ್ಮೇಲೂ ಅವಳು ಎಳೆಯೋದು ನಿಲ್ಲಿಸಿರ್ಲಿಲ್ಲ, ಡೌವೆಲ್ ಆ ಹೊತ್ತಿಗೆ ಕೋಚ್ ಅಷ್ಟೇ ಅಲ್ಲ, ಬಾಳಸಂಗಾತಿನೂ ಆಗಿದ್ರು. 2022ರ ಡಿಸೆಂಬರ್‌ನಲ್ಲಿ ಅವರು ಇದ್ದಕ್ಕಿದ್ದ ಹಾಗೆ ತೀರ್ಕೊಂಡ್ರು. 2024ರ ಪ್ಯಾರಿಸ್‌ನಲ್ಲಿ ಸ್ವಿಸ್ ಸಿಂಗಲ್‌ನಲ್ಲಿ ಕೂತಿದ್ದು ಔರೇಲಿಯಾ-ಮ್ಯಾಕ್ಸಿಮಾ ಯಾನ್ಜೆನ್ ಅನ್ನೋ ಚಿಕ್ಕ ವಯಸ್ಸಿನ ಹುಡುಗಿ. ಹೆಂಗಸರ ಕ್ವಾಡ್, ಅಂದ್ರೆ ನಾಲ್ಕು ಜನರ ದೋಣಿ ಕೂಡ ಇತ್ತು, ಅಂದ್ರೆ ಗ್ಮೇಲಿನ್‌ಗೆ ಸಿಗದೇ ಇದ್ದ ಜೊತೆಗಾರ್ತಿಯರು ಆ ದೇಶಕ್ಕೆ ಕೊನೆಗೂ ಸಿಕ್ಕಿದ್ರು, ಅವಳ ಕಾಲಕ್ಕಲ್ಲ.

ಇನ್ನು ನಿಮ್ಮ ಮಗಳು. 14ಕ್ಕೆ ಎತ್ತರದ ಬಗ್ಗೆ ಏನೂ ತೀರ್ಮಾನ ಮಾಡ್ಬೇಡಿ, ಇನ್ನೂ ಬೆಳೀತಾಳೆ. ಈ ವಯಸ್ಸಲ್ಲಿ ಕ್ವಾಡ್, ಡಬಲ್ಲು, ಸಿಂಗಲ್ಲು ಎಲ್ಲಾ ಎಳೀಲಿ, ಸಿಂಗಲ್‌ನಲ್ಲಿ ಕೂತಾಗ ಕಲಿತ ಬ್ಯಾಲೆನ್ಸ್ ಎಲ್ಲಾ ದೋಣಿಗೂ ಬರುತ್ತೆ. ಎರ್ಗೋ, ಅಂದ್ರೆ ನೆಲದ ಮೇಲೆ ಕೂತು ಎಳೆಯೋ ಮಷೀನ್, ಅದರ ನಂಬರ್ ಹಿಡ್ಕೊಂಡು ಈಗ್ಲೇ ಅವಳ ಬೆನ್ನು ಬೀಳ್ಬೇಡಿ. ಹಿಂದೆ ಆಗಿದ್ರೆ ಗಿಡ್ಡ, ತೆಳ್ಳಗಿನ ಹುಡುಗಿಯರಿಗೆ ಲೈಟ್‌ವೇಟ್ ಕಡೆ ಹೋಗು ಅಂತಿದ್ರು, ಆದ್ರೆ ಒಲಿಂಪಿಕ್ಸ್‌ನಲ್ಲಿ ಲೈಟ್‌ವೇಟ್ ಪ್ಯಾರಿಸ್‌ಗೇ ಕೊನೆ ಆಯ್ತು. ಊಟ ಬಿಟ್ಟು ತೂಕ ಇಳಿಸೋ ಆ ಹುಚ್ಚು ಹೋಗಿದ್ದು ಒಳ್ಳೇದೇ ಆಯ್ತು ಅಂತ ನನಗನಿಸುತ್ತೆ, ಬೆಳೆಯೋ ಹುಡುಗಿಯರನ್ನ ಅದು ಚೆನ್ನಾಗಿ ಹಾಳು ಮಾಡ್ತಿತ್ತು. ಅದ್ರ ಬದಲು 2028ರ ಲಾಸ್ ಏಂಜಲೀಸ್‌ನಲ್ಲಿ ಬೀಚ್ ಸ್ಪ್ರಿಂಟ್ ಬರ್ತಿದೆ, ಮರಳಲ್ಲಿ ಓಡಿ, ಅಗಲ ದೋಣಿ ಹತ್ತಿ, ಅಲೆಯಲ್ಲಿ ತೇಲೋ ಗುರುತು (ಬೋಯ್) ಸುತ್ತಿ ವಾಪಸ್ ಬಂದು ಮತ್ತೆ ಓಡೋದು, ಅಲ್ಲಿ ಬರೀ ಉದ್ದ ಕೈಕಾಲು ಸಾಲಲ್ಲ, ಚುರುಕುತನಕ್ಕೂ ಬೆಲೆ ಇದೆ. ಅಲ್ಲಿನ ಮಾಮೂಲಿ ರೋಯಿಂಗೂ ಲಾಂಗ್ ಬೀಚ್‌ನಲ್ಲಿ 2000 ಬದಲು 1500 ಮೀಟರಿಗೆ ನಡೆಯುತ್ತೆ, ಯಾಕಂದ್ರೆ ಅಲ್ಲಿನ ನೀರೇ ಅಷ್ಟು ಉದ್ದ. ಇನ್ನೊಂದು ಕಾಗದದ ವಿಷ್ಯ, ಕ್ಲಬ್ ಮಟ್ಟದಲ್ಲಿ ಎಳೆಯೋಕೆ ಏನೂ ತೊಂದ್ರೆ ಇಲ್ಲ, ಆದ್ರೆ ಒಲಿಂಪಿಕ್ಸ್‌ಗೆ ಯಾವ ದೇಶದ ದೋಣೀಲಿ ಕೂರ್ತಾಳೋ ಆ ದೇಶದ ಪಾಸ್‌ಪೋರ್ಟ್ ಬೇಕು, ನಿಮ್ಮ ಮನೇಲಿ ಇನ್ನೂ ಭಾರತದ ಪಾಸ್‌ಪೋರ್ಟೇ ಇದ್ರೆ ಅದನ್ನೂ ಒಂದು ಸಲ ವಿಚಾರಿಸಿ ಇಟ್ಕೊಳ್ಳಿ.